ಭುಜದ ಮೇಲಿನ ಕೈ

ಒದ್ದೆ ಬೆಡ್‌ಶೀಟು ಹಿಂಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರು ಈ ತುದಿ ಹಿಡಿಯಬೇಕು, ಇನ್ನೊಬ್ಬರು ಆ ತುದಿ. ಇಬ್ಬರೂ ಎದುರುಬದುರು ನಿಂತು ತಿರುಚುತ್ತ ಹೋದರೆ ನಡುವಿನಿಂದ ನೀರು ಜಲ್ಲೆಂದು ಸುರಿಯುತ್ತದೆ. ಆ ಭಾನುವಾರ ಬೆಳಿಗ್ಗೆ ಹಿಂಬಾಗಿಲ ಹತ್ತಿರ ಅವಳು ತನ್ನ ತುದಿ ಹಿಡಿದು ನಿಂತೇ ಇದ್ದಳು. ಇನ್ನೊಂದು ತುದಿ ಬಕೆಟ್ಟಿನಲ್ಲಿ ಮುಳುಗಿತ್ತು. ಅದನ್ನು ಹಿಡಿಯಬೇಕಾದ ಮಗಳು "ಕ್ಲಿಪ್ಪಿನ ಡಬ್ಬಿ ತರ್ತೀನಿ" ಎಂದು ಒಳಗೆ ಹೋದವಳ ಪತ್ತೆಯೇ ಇರಲಿಲ್ಲ.

"ಕ್ಲಿಪ್ಪು ತರೋಕೆ ಹೋದ್ಯಾ, ಕ್ಲಿಪ್ಪು ಮಾಡೋ ಫ್ಯಾಕ್ಟರಿಗೆ ಹೋದ್ಯಾ?" ಎಂದು ಕೂಗಿದಳು.

"ಬಂದೆ ಅಮ್ಮಾ!"

ದನಿ ಬಂದದ್ದು ಅಡುಗೆಮನೆಯ ಮೇಲಿನ ಅಟ್ಟದಿಂದ. ಹಿಂದೆಯೇ ಏನೋ ದೊಪ್ಪೆಂದು ಬಿದ್ದ ಸದ್ದು. ಅವಳು ಬೆಡ್‌ಶೀಟನ್ನು ಬಕೆಟ್ಟಿಗೆ ಎಸೆದು, ಒದ್ದೆ ಕೈಯಲ್ಲೇ ಒಳಗೆ ಓಡಿದಳು.

ಮಗಳು ಕ್ಷೇಮವಾಗಿದ್ದಳು. ಸ್ಟೂಲಿನಿಂದ ಇಳಿದು, ನೆಲದ ಧೂಳಿನ ನಡುವೆ, ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ತೊಡೆಯ ಮೇಲೆ ಕಂದು ಚರ್ಮದ ಒಂದು ಚೀಲ. ಬಿದ್ದದ್ದು ಚೀಲವಲ್ಲ, ಅದರ ಪಕ್ಕದಲ್ಲಿದ್ದ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ. ಅದರ ಮುಚ್ಚಳ ಹಾರಿಹೋಗಿ, ಒಳಗಿನ ಮೂರು ಫಿಲ್ಮ್ ರೋಲುಗಳು ನೆಲದ ಮೇಲೆ ಉರುಳಿದ್ದವು. ಎರಡು ಇನ್ನೂ ಕಾಗದದ ಪೆಟ್ಟಿಗೆಯೊಳಗೇ ಇದ್ದವು. ಮೂರನೆಯದು ಬರಿಯ ರೋಲು. ಅದರ ಬಾಯಿಂದ ಎರಡು ಬೆರಳಗಲ ಫಿಲ್ಮಿನ ತುದಿ ಹೊರಗೆ ಇಣುಕುತ್ತಿತ್ತು.

"ಅಮ್ಮಾ, ಇದು ತಾತನ ಕ್ಯಾಮೆರಾನಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಹನ್ನೆರಡು ವರ್ಷಗಳಿಂದ ಆ ಚೀಲವನ್ನು ಮುಟ್ಟಿರಲಿಲ್ಲ. ಎರಡು ಮನೆ ಬದಲಾಯಿಸಿದಾಗಲೂ ಅದನ್ನು ಹೊತ್ತು ತಂದವನು ಗಂಡ, ಅಟ್ಟಕ್ಕೆ ಸೇರಿಸಿದವನೂ ಗಂಡ.

"ಹೂಂ, ತಾತಂದೇ" ಎಂದಳು.

ಗಂಡ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದು ಇಣುಕಿದ. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಯಂತ್ರ ಕಂಡರೂ ಅವನ ಕೈ ತುರಿಸುತ್ತದೆ. ಒಂದು ಪೆಟ್ಟಿಗೆ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಅದರ ಮೇಲಿನ ತಾರೀಖು ಓದಿದ. "ಅಯ್ಯೋ, ಇದರ ಅವಧಿ ಮುಗಿದು ಇಪ್ಪತ್ತು ವರ್ಷ ಆಯ್ತಲ್ಲೇ! ಏ ಗೂಬೆಮರಿ, ಇದಕ್ಕಿಂತ ನೀನೇ ಫ್ರೆಶ್ಶು."

ಗೂಬೆಮರಿ ಎನ್ನುವುದು ಮಗಳಿಗೆ ಅವನಿಟ್ಟ ಹೆಸರು. ಹನ್ನೊಂದು ವರ್ಷದ ಈ ಹುಡುಗಿಗೆ ಮಾತು ಕಡಿಮೆ, ಕಣ್ಣು ದೊಡ್ಡವು. ಏನನ್ನಾದರೂ ನೋಡಲು ಶುರುಮಾಡಿದರೆ ರೆಪ್ಪೆ ಬಡಿಯುತ್ತಿರಲಿಲ್ಲ.

"ಹಾಳಾಗಿದ್ಯಾ ಅಮ್ಮ? ಇದ್ರಲ್ಲಿ ಫೋಟೋ ಬರಲ್ವಾ?"

"ಬರುತ್ತೆ. ಮಸುಕಾಗಿ ಬರುತ್ತೆ. ನಿಮ್ಮ ತಾತ ಹಳೇ ಫಿಲ್ಮೇ ಹುಡುಕಿ ತರ್ತಿದ್ರು. ತಾರೀಖು ಕಂಪನಿಯವನದು, ಬೆಳಕು ನಮ್ಮದು ಅನ್ನೋರು. ಹತ್ತು ವರ್ಷ ಹಳೇದಾದ್ರೆ ಒಂದು ಪಟ್ಟು ಬೆಳಕು ಜಾಸ್ತಿ ಕೊಡು, ಇಪ್ಪತ್ತಾದ್ರೆ ಎರಡು ಪಟ್ಟು. ಅಷ್ಟೇ ಲೆಕ್ಕ."

ಇಷ್ಟು ಮಾತು ತನ್ನ ಬಾಯಿಂದ ಹೇಗೆ ಬಂತೋ ಅವಳಿಗೇ ಆಶ್ಚರ್ಯ. ಮಗಳು ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದಳು. ಬಾಗಿಲ ಕಡೆ ತಿರುಗಿಸಿದಳು, ಅಪ್ಪನ ಸೋಪಿನ ಮುಖದ ಕಡೆ ತಿರುಗಿಸಿದಳು, ಆಮೇಲೆ ನಡುಮನೆಯ ಗೋಡೆಯ ಕಡೆ ತಿರುಗಿಸಿ ಅಲ್ಲೇ ನಿಲ್ಲಿಸಿದಳು.

"ಗೋಡೆ ಮೇಲಿರೋ ಫೋಟೋನೂ ಇದ್ರಲ್ಲೇ ತೆಗೆದಿದ್ದಾ? ಅದ್ರಲ್ಲಿ ತಾತ ಕೂತಿದಾರಲ್ಲ, ಮತ್ತೆ ಒತ್ತಿದ್ದು ಯಾರು?"

ಬಂತು, ಇನ್ನೇನು ಬಂದೇ ಬಂತು ಎಂದುಕೊಂಡಳು ಅಮ್ಮ.

ಗೋಡೆಯ ಮೇಲಿನ ಆ ಚಿತ್ರದಲ್ಲಿ ಅಪ್ಪ ಮರದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವಳು ನಿಂತಿದ್ದಳು, ಇಪ್ಪತ್ಮೂರರ ವಯಸ್ಸಿನ ಅವಳು, ಬಿಗಿಯಾಗಿ ಜಡೆ ಹಾಕಿಕೊಂಡು. ಅವಳ ಪಕ್ಕದಲ್ಲಿ ಚಿತ್ರ ಮುಗಿದುಹೋಗಿತ್ತು. ಮುಗಿದುಹೋಗಿತ್ತು ಎಂದರೆ ಕತ್ತರಿಸಿತ್ತು. ಆದರೆ ಅವಳ ಎಡಭುಜದ ಮೇಲೆ ಒಂದು ಕೈ ಉಳಿದಿತ್ತು. ಮಣಿಕಟ್ಟಿನವರೆಗೆ ಮಾತ್ರ. ಉಗುರುಗಳು ಕಪ್ಪಗೆ, ಕಿರುಬೆರಳು ಒಳಗೆ ಸ್ವಲ್ಪ ಸೊಟ್ಟ. ಆ ಕೈಯನ್ನು ಕತ್ತರಿಸಬೇಕೆಂದರೆ ತನ್ನ ಭುಜವನ್ನೂ ಕತ್ತರಿಸಬೇಕಿತ್ತು. ಹಾಗಾಗಿ ಅದು ಉಳಿದುಕೊಂಡಿತ್ತು.

ಆ ಕೈ ಯಾರದೆಂದು ಮಗಳು ಇದುವರೆಗೆ ಒಮ್ಮೆಯೂ ಕೇಳಿರಲಿಲ್ಲ. ಅವಳು ನೋಡುತ್ತಾಳೆ ಎನ್ನುವುದು ಮಾತ್ರ ಅಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆ ಜಡೆ ಹೆಣೆಯುವಾಗ ಕನ್ನಡಿಯಲ್ಲಿ ಮಗಳ ಕಣ್ಣು ಹೋಗಿ ನಿಲ್ಲುತ್ತಿದ್ದುದು ಅಲ್ಲೇ. ಐದು ವರ್ಷದವಳಿದ್ದಾಗ ಒಮ್ಮೆ ಕುರ್ಚಿ ಹತ್ತಿ, ಗಾಜಿನ ಮೇಲೆ ತನ್ನ ಪುಟ್ಟ ಕೈ ಇಟ್ಟು, ಆ ಕೈಯ ಅಳತೆ ನೋಡುತ್ತಿದ್ದಳು. ಅಮ್ಮ ಬಂದದ್ದು ಕಂಡು ಇಳಿದುಬಿಟ್ಟಿದ್ದಳು. ಕೇಳಬಾರದ್ದು ಎಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಗಾಳಿಯಲ್ಲೇ ಅದು ಗೊತ್ತಾಗಿಬಿಡುತ್ತದೆ.

"ಒತ್ತಿದ್ದು ಯಾರೂ ಅಲ್ಲ" ಎಂದಳು ಅವಳು ಅವಸರದಿಂದ. "ಇಲ್ನೋಡು, ಈ ಕಡ್ಡಿ ಕೆಳಗೆ ಎಳೆದು ಬಿಟ್ರೆ ಹತ್ತು ಸೆಕೆಂಡಿಗೆ ಅದೇ ಹೊಡ್ಕೊಳುತ್ತೆ. ತಾತ ಎಳೆದುಬಿಟ್ಟು ಓಡಿಬಂದು ಕೂತ್ಕೊಂಡ್ರು."

"ಓಹ್" ಎಂದಳು ಮಗಳು. ತುಟಿ ಇನ್ನೂ ಸ್ವಲ್ಪ ತೆರೆದೇ ಇತ್ತು. ಮುಂದಿನ ಮಾತು ಅದರ ಹಿಂದೆಯೇ ನಿಂತಿತ್ತು.

"ನೀನು ತೆಗೀತೀಯಾ? ಬಾ, ಫಿಲ್ಮು ಹಾಕಿಕೊಡ್ತೀನಿ" ಎಂದುಬಿಟ್ಟಳು ಅವಳು.

ಅಳುವ ಮಗುವಿನ ಬಾಯಿಗೆ ಸಕ್ಕರೆ ಹಾಕಿದ ಹಾಗಾಯಿತು. ಮಗಳು ಪ್ರಶ್ನೆ ಮರೆತು ಹಿಗ್ಗಿದಳು. ಗಂಡ ಸೋಪು ಒಣಗುತ್ತಿದ್ದ ಮುಖದಲ್ಲಿ ಹೆಂಡತಿಯನ್ನೇ ಒಂದು ಗಳಿಗೆ ನೋಡಿ, ಕನ್ನಡಿಯ ಕಡೆ ಹೋದ.

ನೆಲದ ಮೇಲೇ ಕೂತು ಅವಳು ಹೇಳಿಕೊಟ್ಟಳು. "ಹೊಸ ರೋಲಾ, ಹಳೇ ರೋಲಾ ಅಂತ ಹೇಗೆ ಗೊತ್ತಾಗುತ್ತೆ ಹೇಳು? ತಾತನ ಫೋಟೋ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ತೆಗೆದು ಮುಗಿದ ರೋಲನ್ನ ಸುತ್ತಿದ ಮೇಲೆ ತುದೀನ ಹೀಗೆ ಮೂಲೆಗೆ ಮಡಚಿಬಿಡೋದು, ಪುಸ್ತಕದ ಹಾಳೆ ಕಿವಿ ಮಡಚಿದ ಹಾಗೆ. ಮಡಚಿದ್ರೆ ಮುಗಿದದ್ದು, ನೆಟ್ಟಗಿದ್ರೆ ಹೊಸದು. ಕತ್ತಲಲ್ಲೂ ಬೆರಳಿಗೆ ಗೊತ್ತಾಗಬೇಕಲ್ಲ."

"ಇದು ನೆಟ್ಟಗಿದೆ" ಎಂದು ಮಗಳು ಬರಿಯ ರೋಲನ್ನು ಎತ್ತಿಕೊಟ್ಟಳು.

"ಹಾಂ, ಹೊಸದೇ. ಪೆಟ್ಟಿಗೇಲಿರೋವು ಇರಲಿ, ಮೊದಲು ಇದ್ರಲ್ಲಿ ಕಲಿ. ಹಾಳಾದ್ರೂ ಚಿಂತೆಯಿಲ್ಲ."

ಈ ಮಾತನ್ನು ಅವಳು ಮುಂದೆ ಎಷ್ಟೋ ಸಲ ನೆನೆಸಿಕೊಳ್ಳಲಿದ್ದಳು.

ತುದಿಯನ್ನು ಹಲ್ಲುಗಾಲಿಗೆ ಸಿಕ್ಕಿಸಿದಳು, ಬೆನ್ನಿನ ಬಾಗಿಲು ಮುಚ್ಚಿದಳು. ಉಗುರುಬಣ್ಣದ ಬಾಟಲಿ ತಂದು ಲೆನ್ಸಿನ ಉಂಗುರದ ಮೇಲೆ ಎರಡು ಚುಕ್ಕೆ ಇಟ್ಟಳು. "ಬಿಸಿಲಿಗೆ ಈ ಚುಕ್ಕೆ. ನೆರಳಿಗೆ ಈ ಚುಕ್ಕೆ. ಮೂವತ್ತಾರೇ ಫೋಟೋ ಇರೋದು, ಫೋನಿನ ಹಾಗೆ ಪಟಪಟ ಅಂತ ಹೊಡೀಬೇಡ."

"ಮೂವತ್ತಾರು ದಿನ ಬರೋ ಹಾಗೆ ತೆಗೀತೀನಿ" ಎಂದಳು ಮಗಳು.

ಮೂವತ್ತಾರು ದಿನವಲ್ಲ, ಎರಡು ವಾರ ಬಂತು. ಶಾಲೆಯಿಂದ ಬಂದೊಡನೆ ಕ್ಯಾಮೆರಾ ಕೊರಳಿಗೆ. ಬಾಗಿಲ ಹತ್ತಿರ ಬಿಟ್ಟ ಚಪ್ಪಲಿಗಳು, ಮೆಟ್ಟಿಲ ಮೇಲೆ ಮಲಗಿದ ಪಕ್ಕದ ಮನೆಯ ಬೆಕ್ಕು, ಬಾಯಿ ತೆರೆದು ನಿದ್ದೆ ಮಾಡುವ ಅಪ್ಪ. ಒಂದೊಂದು ಚಿತ್ರಕ್ಕೂ ಕಾಲು ಗಂಟೆ ನಿಂತು ನೋಡುತ್ತಿದ್ದಳು. "ಒತ್ತೇ ತಾಯಿ, ನನಗೆ ಎಚ್ಚರ ಆಗಿ ಅರ್ಧ ಗಂಟೆ ಆಯ್ತು, ನಿನಗೋಸ್ಕರ ಗೊರಕೆ ಹೊಡೀತಾ ಇದೀನಿ" ಎಂದ ಅಪ್ಪ ಒಂದು ದಿನ.

ಮುಂದಿನ ಭಾನುವಾರ ಅವಳು ಹಿಂಬಾಗಿಲಿನಲ್ಲಿ ಅದೇ ಬಿಳಿ ಬೆಡ್‌ಶೀಟನ್ನು ತಂತಿಗೆ ಹರವುತ್ತಿದ್ದಾಗ ಮಗಳು ಎದುರಿಗೆ ಬಂದು ಕ್ಯಾಮೆರಾ ಎತ್ತಿದಳು. ಹಿಂದೆ ಬಾಗಿಲಿನೊಳಗಿನ ಕತ್ತಲು, ಮುಂದೆ ಬಿಸಿಲಿಗೆ ಹೊಳೆಯುವ ಬಟ್ಟೆ.

"ನಂದು ಬೇಡ್ವೇ, ಹೋಗೇ" ಎಂದು ಅವಳು ಬೆಡ್‌ಶೀಟಿನ ಅಂಚನ್ನು ಮುಖಕ್ಕೆ ಎಳೆದುಕೊಂಡಳು.

"ಆಫೀಸಲ್ಲಿ ದಿನಾ ನೂರು ಜನರ ಫೋಟೋ ತೆಗೀತೀಯ, ನಿಂದು ಒಂದೂ ಇಲ್ಲ."

ಅದು ನಿಜ. ಅವಳ ಕೆಲಸ ಗುರುತಿನ ಚೀಟಿ ಕೊಡುವ ಕಚೇರಿಯಲ್ಲಿ, ನಾಲ್ಕನೇ ಕಿಟಕಿಯ ಹಿಂದೆ. ಎದುರಿಗೆ ಬಂದು ಕೂತವರಿಗೆ ಗಲ್ಲ ಮೇಲೆ, ಕಣ್ಣು ತೆರೆಯಿರಿ, ನಗಬೇಡಿ ಎಂದು ಹೇಳಿ ಮೌಸು ಒತ್ತುವುದು. ಅಪ್ಪನ ಸ್ಟುಡಿಯೋದಲ್ಲಿ ನಗಿಸುವುದಕ್ಕೇ ಅರ್ಧ ದಿನ ಹೋಗುತ್ತಿತ್ತು. ಇಲ್ಲಿ ಯಾರಾದರೂ ನಕ್ಕರೆ ಚೀಟಿ ತಿರಸ್ಕಾರವಾಗುತ್ತದೆ.

ಕ್ಯಾಮೆರಾ ಕ್ಲಿಕ್ಕೆಂದಿತು. ಮಗಳು ಹಲ್ಲು ಕಿರಿದು ಓಡಿದಳು.

ರೋಲು ಮುಗಿದಾಗ ತೊಳೆಯುವುದು ಯಾರು ಎನ್ನುವ ಮಾತು ಬಂತು. ಊರಲ್ಲಿ ಈಗ ಅಂಥ ಅಂಗಡಿಯಿಲ್ಲ. ಗಂಡ ತಾನು ಲಿಫ್ಟ್ ನೋಡಿಕೊಳ್ಳುವ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ, ಉಗ್ರಾಣದ ಮೂಲೆಗೆ ಬಿದ್ದಿದ್ದ ಫಿಲ್ಮ್ ತೊಳೆಯುವ ಪುಡಿಯ ಎರಡು ಪೊಟ್ಟಣ ಕೇಳಿ ತಂದ. "ಫೋಟೋದಲ್ಲಿ ಬರೀ ಮೂಳೆ ಬಂದ್ರೆ ನನ್ನ ಕೇಳಬೇಡ" ಎಂದ. ಡಬ್ಬಿಯ ಜೊತೆಗೇ ಇದ್ದ ತೊಳೆಯುವ ತೊಟ್ಟಿ, ಫಿಲ್ಮ್ ಸುತ್ತುವ ಸುರುಳಿ, ಎಲ್ಲ ಅಟ್ಟದಿಂದ ಇಳಿದವು. ಆ ಶನಿವಾರ ಮಧ್ಯಾಹ್ನ, ಪಾತ್ರೆ ತೊಳೆದು ಒಲೆ ಒರೆಸಿದ ಮೇಲೆ, ಅವಳು ಬಚ್ಚಲುಮನೆಯ ಕಿಟಕಿಗೆ ಎರಡು ಪದರ ಪರದೆ ಬಟ್ಟೆ ಜಡಿದು, ಬಾಗಿಲ ಸಂದಿಗೆ ಟವೆಲ್ಲು ತುರುಕಿದಳು.

"ನಾನು ಹೇಳೋವರೆಗೂ ಬಾಗಿಲು ತೆಗೀಬಾರದು. ಏನೇ ಆಗ್ಲಿ. ಒಂದು ಗೆರೆ ಬೆಳಕು ಬಿದ್ರೂ ನಿನ್ನ ಮೂವತ್ತಾರೂ ಹೋಯ್ತು."

"ಸರಿ ಅಮ್ಮ."

ಕತ್ತಲಾಯಿತು. ಅಂಗೈ ಕಾಣದಂಥ ಕತ್ತಲು. ರೋಲಿನ ಮುಚ್ಚಳ ಬಿಚ್ಚಿ, ಫಿಲ್ಮಿನ ಅಂಚು ಸವರಿ, ಸುರುಳಿಯ ತೋಡಿಗೆ ಸಿಕ್ಕಿಸಲು ಹೊರಟಳು. ಇದು ಅವಳ ಕೆಲಸವಾಗಿರಲಿಲ್ಲ ಯಾವತ್ತೂ. ಸ್ಟುಡಿಯೋದಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವವಳು ಅವಳು. ಕತ್ತಲುಕೋಣೆ ತಂಗಿಯದು.

ತಂಗಿ. ಮನಸ್ಸಿನಲ್ಲಿಯೂ ಆ ಪದವನ್ನು ಅವಳು ಬಳಸಿ ಬಹಳ ದಿನವಾಗಿತ್ತು.

ಫಿಲ್ಮ್ ತೊಳೆಯುವ ಡೆವಲಪರಿನಲ್ಲಿ ಬೆರಳು ಅದ್ದಿ ಅದ್ದಿ ಉಗುರು ಕಪ್ಪಾಗಿದ್ದ ತಂಗಿ. ಚಿಕ್ಕಂದಿನಲ್ಲಿ ಇದೇ ಅಕ್ಕ ನೋಡದೆ ಬಾಗಿಲು ತಳ್ಳಿದಾಗ ಸಂದಿಗೆ ಸಿಕ್ಕಿ ಕಿರುಬೆರಳು ಸೊಟ್ಟ ಮಾಡಿಕೊಂಡವಳು. ಕತ್ತಲುಕೋಣೆಗೆ ಹೋಗುವಾಗಲೆಲ್ಲ ಹೊಸ್ತಿಲಲ್ಲಿ ತಿರುಗಿ, ಅಪ್ಪನಿಗೆ ಅಂಗೈ ಎತ್ತಿ ಐದು ಬೆರಳು ತೋರಿಸುವಳು: ಐದು ನಿಮಿಷ. "ನಿನ್ನ ಐದು ನಿಮಿಷದಲ್ಲಿ ನಾನು ಒಂದು ನಿದ್ದೆ ತೆಗೆದು ಏಳಬಹುದು" ಎನ್ನುವರು ಅಪ್ಪ. ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿಕೊಂಡಿತು ಎಂದರೆ ಯಾರೇ ಬಡಿದರೂ ಬಾಗಿಲು ತೆಗೆಯಬಾರದು. ಅಪ್ಪನೇ ಮಾಡಿದ ಕಾನೂನು. ಒಮ್ಮೆ ಯಾರೋ ಬಾಗಿಲು ತೆಗೆದು, ಒಂದು ಇಡೀ ಮದುವೆಯ ಚಿತ್ರಗಳು ಬೆಳಕಿಗೆ ಹೋಗಿ, ಅಪ್ಪ ಹುಡುಗಿಯ ಮನೆಯವರ ಎದುರು ಕೈಮುಗಿದು ನಿಂತಿದ್ದರು. ಆಮೇಲೆ ಬಂದದ್ದು ಆ ಕಾನೂನು.

ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪ ಆ ಬಾಗಿಲು ಬಡಿದರು. ಒಳಗೆ ತಂಗಿಯ ಕೈಯಲ್ಲಿ ಬಿಚ್ಚಿದ ಫಿಲ್ಮಿತ್ತು. "ಐದು ನಿಮಿಷ ಅಪ್ಪಾ" ಎಂದಳು. ಅಪ್ಪ ಎರಡನೇ ಸಲ ಬಡಿಯಲಿಲ್ಲ. ತಾವೇ ಮಾಡಿದ ಕಾನೂನನ್ನು ತಾವೇ ಹೇಗೆ ಮುರಿದಾರು? ಹೋಗಿ ಗಿರಾಕಿಗಳ ಕುರ್ಚಿಯಲ್ಲಿ, ಬಣ್ಣದ ಪರದೆಯ ಮುಂದೆ ಕೂತರು. ತಂಗಿ ಹೊರಗೆ ಬಂದಾಗ ಅವರ ತಲೆ ಒಂದು ಕಡೆ ವಾಲಿತ್ತು.

ಅಂದು ಗಲ್ಲಾದ ಹತ್ತಿರ ಇರಬೇಕಾದವಳು ಅಕ್ಕ. ನಾಲ್ಕಕ್ಕೆ ಬರುತ್ತೇನೆಂದು ಹೋದವಳು ಬಂದದ್ದು ಐದೂಕಾಲಿಗೆ. ಹೊಸ ಸಂಸಾರದ ಮನೆಗೆ ಪರದೆ ಬಟ್ಟೆ ಆರಿಸುತ್ತ ನಿಂತಿದ್ದಳು, ಹಸಿರೋ ನೀಲಿಯೋ ತೀರ್ಮಾನವಾಗದೆ. ಬಂದವಳು, ಕುರ್ಚಿಯಲ್ಲಿ ಅಪ್ಪನನ್ನು ನೋಡಿದವಳು, ಬಂದವರೆಲ್ಲರ ಎದುರಿಗೆ ತಂಗಿಗೆ ಹೇಳಿದಳು: "ಬಾಗಿಲು ತೆಗೀಲಿಲ್ಲ ನೀನು. ಎರಡು ರೋಲು ಫಿಲ್ಮಿಗೋಸ್ಕರ ಅಪ್ಪನ್ನ ಕೊಂದೆ."

ನೀನೆಲ್ಲಿದ್ದೆ ಎಂದು ತಂಗಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಒಂದು ವಾರದಲ್ಲಿ ಬಟ್ಟೆ ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋದಳು. ಅಕ್ಕ ಸ್ಟುಡಿಯೋ ಮುಚ್ಚುವ ಮುನ್ನ, ಮನೆಯವರ ನೆಗೆಟಿವ್‌ಗಳನ್ನೆಲ್ಲ ಸುಟ್ಟು, ಗೋಡೆಯ ಚಿತ್ರವನ್ನು ಕಾಗದ ಕತ್ತರಿಸುವ ಯಂತ್ರದ ಕೆಳಗಿಟ್ಟಳು.

ಆದರೆ ಅವಳನ್ನು ತಿನ್ನುತ್ತಿದ್ದುದು ಅಂದಿನ ಆ ಒಂದು ಮಾತಲ್ಲ. ದುಃಖದಲ್ಲಿ ಯಾರ ಬಾಯಲ್ಲಾದರೂ ಬರಬಹುದಾದ ಮಾತು ಅದು. ತಂಗಿ ಹೋದ ನಾಲ್ಕನೇ ದಿನ ಕಾಗದಪತ್ರಕ್ಕೆಂದು ಆಸ್ಪತ್ರೆಗೆ ಹೋದಾಗ ವೈದ್ಯರು ಅವಳಿಗೆ ಹೇಳಿದ್ದರು: "ನೋಡಿ ಅಮ್ಮಾ, ಐದು ನಿಮಿಷ ಮೊದಲು ಯಾರಾದ್ರೂ ನೋಡಿದ್ರೂ ಏನೂ ಮಾಡೋಕಾಗ್ತಿರಲಿಲ್ಲ. ಎದೆಯಲ್ಲಿ ರಕ್ತನಾಳ ಒಡೆದದ್ದು ಹಾಗಿತ್ತು. ನಿಮ್ಮ ತಂಗಿಗೂ ಇದನ್ನ ಹೇಳಿ."

ಅವಳು ಹೇಳಲಿಲ್ಲ. ಮೊದಲು ಸಿಟ್ಟಿಗೆ ಹೇಳಲಿಲ್ಲ. ಮಗಳು ಹುಟ್ಟಿದಾಗ ತಂಗಿಯಿಂದ ಒಂದು ಕಾಗದ ಬಂತು, ಮಗು ಯಾರ ಹಾಗಿದೆ ಎಂದು ಕೇಳಿ. ಉತ್ತರ ಬರೆಯಲು ಕೂತಳು. ಆದರೆ ಯಾವ ಉತ್ತರವಾದರೂ ವೈದ್ಯರ ಆ ಮಾತಿನಿಂದಲೇ ಶುರುವಾಗಬೇಕಿತ್ತು, ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಬರೆಯಬೇಕಿತ್ತು. ಒಂದು ವರ್ಷಕ್ಕೇ ಅದು ಭಾರವಾಗಿತ್ತು. ಎರಡು, ಐದು, ಹನ್ನೆರಡು ವರ್ಷವಾದ ಮೇಲೆ ಎತ್ತಲಾಗದ ಬಂಡೆ. ಮಗಳು ಆ ಕೈಯ ಬಗ್ಗೆ ಕೇಳಿದರೂ ಉತ್ತರ ಶುರುವಾಗುವುದು ಅಲ್ಲಿಂದಲೇ. ಅದಕ್ಕೇ ಅವಳಿಗೆ ಆ ಪ್ರಶ್ನೆಯೆಂದರೆ ಅಷ್ಟು ಭಯ.

ಫಿಲ್ಮ್ ಸುರುಳಿಗೆ ಅರ್ಧ ಹತ್ತಿತ್ತು. ಬೆವರಿಗೆ ಬೆರಳು ಜಾರುತ್ತಿತ್ತು. ಆಗ ಬಾಗಿಲು ಬಡಿದ ಸದ್ದಾಯಿತು, ಮೆಲ್ಲಗೆ, ಒಂದೇ ಸಲ.

"ಅಮ್ಮಾ..."

"ಐದು ನಿಮಿಷ" ಎಂದಳು ಅವಳು.

ಯೋಚನೆಯನ್ನೇ ಮಾಡಿರಲಿಲ್ಲ. ಕೈಯಲ್ಲಿ ಬಿಚ್ಚಿದ ಫಿಲ್ಮಿದ್ದವಳ ಬಾಯಿಂದ ಬರುವ ಮಾತು ಅದೊಂದೇ. ಬೇರೆ ಯಾವ ಮಾತೂ ಬರಲು ಸಾಧ್ಯವಿಲ್ಲ. ಕತ್ತಲಲ್ಲಿ ತನ್ನದೇ ದನಿ ಕೇಳಿ ಅವಳು ಬಾಗಿಲ ಕಡೆ ತಿರುಗಿದಳು.

"ಏನಾಯ್ತು ಮಗಾ? ಹುಷಾರಾಗಿದೀಯಾ? ಮಾತಾಡೇ!"

ಹೊರಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆ ಸ್ವಲ್ಪ ಹೊತ್ತಿನಲ್ಲಿ ಅವಳ ಕೈ ಚಿಲಕದವರೆಗೂ ಹೋಯಿತು. ಮೂವತ್ತಾರು ಹೋದರೆ ಹೋಗಲಿ ಎಂದುಕೊಂಡಳು.

"ಏನಿಲ್ಲಮ್ಮ, ಚೆನ್ನಾಗೇ ಇದೀನಿ. ಒಂದು ಕೇಳಬೇಕಿತ್ತು. ಆಮೇಲೆ ಕೇಳ್ತೀನಿ ಬಿಡು."

ಹೆಜ್ಜೆ ದೂರ ಹೋಯಿತು. ಅವಳು ಬಾಗಿಲಿಗೆ ಹಣೆಯಿಟ್ಟು ನಿಂತಳು. ಇಷ್ಟೇ ಆಗಿದ್ದು ಅಂದು. ಬಾಗಿಲ ಈ ಕಡೆ ಒಬ್ಬಳು ತನಗೆ ಹೇಳಿಕೊಟ್ಟ ಹಾಗೆ ಕೆಲಸ ಮಾಡುತ್ತಿದ್ದಳು. ಇಷ್ಟೇ. ಇದನ್ನು ತಿಳಿಯಲು ಹನ್ನೆರಡು ವರ್ಷ, ಒಂದು ಬಚ್ಚಲುಮನೆ ಬೇಕಾಯಿತು.

ಆಮೇಲಿನದು ಗಡಿಯಾರದ ಕೆಲಸ. ತೊಟ್ಟಿಯ ಮುಚ್ಚಳ ಬಿಗಿಯಾದ ಮೇಲೆ ದೀಪ ಹಾಕಿ, ಬಾಗಿಲು ತೆಗೆದು, ಮಗಳನ್ನು ಕರೆದಳು. ಏನು ಕೇಳಬೇಕಿತ್ತು ಎಂದು ತಾನಾಗಿ ಕೇಳುವಷ್ಟು ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಇಬ್ಬರೂ ಸರದಿಯ ಮೇಲೆ ತೊಟ್ಟಿಯನ್ನು ಅಲ್ಲಾಡಿಸಿದರು. ಗಂಡ ಹೊರಗಿನಿಂದ, "ಸ್ನಾನಕ್ಕೆ ಹೋಗಬೇಕಾದೋರು ಟೋಕನ್ ತಗೋಬೇಕಾ?" ಎಂದು ಕೂಗಿದ. ನೀರಲ್ಲಿ ತೊಳೆದು, ಸುರುಳಿ ಬಿಚ್ಚಿ, ಒದ್ದೆ ಫಿಲ್ಮನ್ನು ಎತ್ತಿ ಬಲ್ಬಿನ ಬೆಳಕಿಗೆ ಹಿಡಿದಳು.

ಉಳಿದವರು ಕಾಗದ ಓದುವ ಹಾಗೆ ಅವಳು ನೆಗೆಟಿವ್ ಓದಬಲ್ಲವಳು. ಓದತೊಡಗಿದ್ದೇ ಅವಳಿಗೆ ಏನೋ ಸರಿಯಿಲ್ಲ ಎನಿಸಿತು. ಹಳೆಯ ಫಿಲ್ಮಿನ ಮಸುಕು ಇರಬೇಕಾದದ್ದೇ, ಅದಲ್ಲ. ಚೌಕಟ್ಟುಗಳ ಗೆರೆ ಎರಡೆರಡು. ಬೆಕ್ಕಿನ ಮೆಟ್ಟಿಲಿನೊಳಗೆ ಇನ್ನೊಂದು ಮೆಟ್ಟಿಲು, ಬಣ್ಣದಲ್ಲಿ ಬರೆದದ್ದು. ಅಂಥದ್ದು ಇದ್ದದ್ದು ಒಂದೇ ಕಡೆ, ಅಪ್ಪನ ಸ್ಟುಡಿಯೋದ ಪರದೆಯ ಮೇಲೆ. ಚಪ್ಪಲಿಗಳ ನೆರಳಿನೊಳಗೆ ಒಂದು ಲಂಗದ ಅಂಚು. ಮಲಗಿದ ಗಂಡನ ದಿಂಬಿನ ಕೆಳಗೆ ಅರ್ಧ ಜಡೆ.

ಅವಳಿಗೆ ಆಗ ನೆನಪಾಯಿತು. ಅಪ್ಪ ಹೋದ ಮರುದಿನ, ಕ್ಯಾಮೆರಾವನ್ನು ಚೀಲಕ್ಕೆ ಹಾಕುವ ಮೊದಲು ಒಳಗಿದ್ದ ರೋಲನ್ನು ಸುತ್ತಿ ತೆಗೆದವಳು ತಾನೇ. ಅಭ್ಯಾಸಬಲದಿಂದ ತುದಿಯನ್ನು ಹೊರಗೆ ಬಿಟ್ಟಳು. ಮಡಚಲು ಮರೆತಳು. ಮನೆಯ ಒಂದು ಕಾನೂನನ್ನು ಪಾಲಿಸಿದ್ದಕ್ಕೆ ತಂಗಿಯನ್ನು ಹೊರಗೆ ಹಾಕಿದ ಅದೇ ವಾರದಲ್ಲಿ, ಮನೆಯ ಇನ್ನೊಂದು ಕಾನೂನನ್ನು ಅವಳೇ ಮರೆತಿದ್ದಳು.

ಅಪ್ಪ ಕೊನೆಯ ಬೆಳಿಗ್ಗೆ ಬಿಡುವಿನಲ್ಲಿ ತಂಗಿಯ ಚಿತ್ರ ತೆಗೆದಿದ್ದರು. ಒಂದಲ್ಲ, ಇಡೀ ರೋಲು. ಸುಡಲು, ಕತ್ತರಿಸಲು ಅಕ್ಕನ ಕೈಗೆ ಸಿಗದೆ ಉಳಿದಿದ್ದದ್ದು ಇದೊಂದೇ. ಹನ್ನೆರಡು ವರ್ಷ ಕತ್ತಲಲ್ಲಿ ಕಾದಿತ್ತು. ಹಾಳಾದರೂ ಚಿಂತೆಯಿಲ್ಲ ಎಂದು, ಅವಳೇ ಕ್ಯಾಮೆರಾಕ್ಕೆ ಹಾಕಿ, ಮಗಳ ಕೈಯಲ್ಲಿ ಅದರ ಮೇಲೆ ಇನ್ನೊಮ್ಮೆ ಬೆಳಕು ಸುರಿಸಿದ್ದಳು. ಅದೂ ಒಂದು ಪಟ್ಟಲ್ಲ, ಎರಡು ಪಟ್ಟು ಜಾಸ್ತಿ.

"ಬಂದಿದ್ಯಾ ಅಮ್ಮ? ಯಾಕಮ್ಮ ಮಾತಾಡ್ತಿಲ್ಲ?"

"ಬಂದಿದೆ" ಎಂದಳು. "ಒಣಗಲಿ, ನೋಡೋಣ."

ಫಿಲ್ಮನ್ನು ಬಟ್ಟೆ ಒಣಗಿಸುವ ತಂತಿಗೇ ಎರಡು ಕ್ಲಿಪ್ಪು ಹಾಕಿ ತೂಗಿಬಿಟ್ಟರು. ಅವಳು ಒಂದೊಂದೇ ಚೌಕಟ್ಟಿನಲ್ಲಿ ಮುಖ ಹುಡುಕಿದಳು. ಪ್ರತಿಯೊಂದರಲ್ಲೂ ಮಗಳು ಬಿಸಿಲನ್ನೇ ಹುಡುಕಿದ್ದಳು. ಒಳ್ಳೆಯ ಶಿಷ್ಯೆ, ಹೇಳಿಕೊಟ್ಟದ್ದು ಒಂದೂ ಬಿಟ್ಟಿರಲಿಲ್ಲ. ಬೆಳಕು ಬಿದ್ದಲ್ಲೆಲ್ಲ ಕೆಳಗಿನದು ಅಳಿಸಿಹೋಗಿತ್ತು. ಒಂದು ಕಿವಿ ಸಿಕ್ಕಿತು. ಏಪ್ರನ್ನಿನ ಜೇಬು ಸಿಕ್ಕಿತು. ಮುಖ ಎಲ್ಲಿಯೂ ಇರಲಿಲ್ಲ.

ಗಂಡ ಫೋನು ತಂದು, ಬಣ್ಣ ತಿರುಗಿಸುವ ಯಾವುದೋ ಗುಂಡಿ ಒತ್ತಿ, ಫಿಲ್ಮಿನ ಹಿಂದೆ ಬಿಳಿ ಹಾಳೆ ಹಿಡಿದು ಮಗಳಿಗೆ ತೋರಿಸತೊಡಗಿದ. ಕಪ್ಪು ಬಿಳುಪಾಯಿತು, ಬಿಳುಪು ಕಪ್ಪಾಯಿತು. "ನನ್ನ ಬಾಯಿ ನೋಡು, ಎರಡು ಲಿಫ್ಟು ಹೋಗಬಹುದು" ಎಂದು ನಗಿಸುತ್ತಿದ್ದವನು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದ. ಹೆಂಡತಿಯ ಕಡೆ ನೋಡಿದ.

ಬೆಡ್‌ಶೀಟಿನ ಚಿತ್ರ ಅದು. ಎಡಗಡೆ ಬಟ್ಟೆ ಬೆಂಕಿಯ ಹಾಗೆ ಬೆಳ್ಳಗೆ ಉರಿದು ಏನೂ ಇಲ್ಲವಾಗಿತ್ತು. ತಂಗಿಯ ಮುಖ ಇದ್ದಿದ್ದರೆ ಅದರ ಕೆಳಗೇ ಇರಬೇಕಿತ್ತು. ಬಲಗಡೆ ಅರ್ಧ ಮುಖ ಮುಚ್ಚಿಕೊಂಡ ಅವಳು. ಅವಳ ಹಿಂದೆ, ಬಾಗಿಲಿನ ಕತ್ತಲಲ್ಲಿ, ಮಗಳ ಬೆಳಕು ತಲುಪದ ಅಷ್ಟು ಜಾಗದಲ್ಲಿ, ಎತ್ತಿ ಹಿಡಿದ ಒಂದು ಅಂಗೈ. ಐದು ಬೆರಳು ಅಗಲಿಸಿ. ಉಗುರು ಕಪ್ಪಗೆ, ಕಿರುಬೆರಳು ಒಳಗೆ ಸ್ವಲ್ಪ ಸೊಟ್ಟ.

ಮಗಳು ಫೋನನ್ನು ಅಪ್ಪನ ಕೈಯಿಂದ ತೆಗೆದುಕೊಂಡಳು. ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ನಡುಮನೆಗೆ ಹೋಗಿ, ಕುರ್ಚಿ ಎಳೆದು, ಗೋಡೆಯ ಚಿತ್ರವನ್ನು ಮೊಳೆಯಿಂದ ಇಳಿಸಿ ಎದೆಗವಚಿಕೊಂಡು ಬಂದಳು. ಚಿತ್ರದ ಹಿಂದಿನ ಧೂಳು ಅವಳ ಮೊಣಕೈಗೆ ಹತ್ತಿತ್ತು. ಚಿತ್ರವನ್ನು ಹಿಂಬಾಗಿಲ ಮೆಟ್ಟಿಲ ಮೇಲಿಟ್ಟು, ಪಕ್ಕದಲ್ಲಿ ಫೋನು ಇಟ್ಟು, ಎರಡನ್ನೂ ನೋಡಿದಳು.

ಬಕೆಟ್ಟಿನಲ್ಲಿ ನೆನೆಸಿಟ್ಟ ಬಟ್ಟೆಯಿತ್ತು. ಸಂಜೆಯ ಅಡುಗೆಗೆ ಹೊತ್ತಾಗಿತ್ತು. ಏಳಲು ನೂರು ನೆಪಗಳಿದ್ದವು. ಅವಳು ಏಳಲಿಲ್ಲ. ಮೆಟ್ಟಿಲ ಮೇಲೆ ಮಗಳ ಪಕ್ಕದಲ್ಲಿ ಕೂತು, ಒದ್ದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

"ಮಧ್ಯಾಹ್ನ ಏನೋ ಕೇಳಬೇಕು ಅಂದ್ಯಲ್ಲ" ಎಂದಳು.

"ಬೈಯಲ್ವಾ?"

"ಇಲ್ಲ."

"ಅಳಲ್ವಾ?"

"ಅದು ಗೊತ್ತಿಲ್ಲ ಮಗಾ. ನೀನು ಕೇಳು."

ಮಗಳು ಗಾಜಿನ ಮೇಲೆ ಬೆರಳಿಟ್ಟಳು. ಐದು ವರ್ಷದವಳಿದ್ದಾಗ ಇಟ್ಟ ಅದೇ ಜಾಗದಲ್ಲಿ. ಈಗ ಅವಳ ಕೈ ಆ ಕೈಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು.

"ಅಮ್ಮಾ, ಈ ಕೈ ಯಾರದು?"